ಆಯುಧಪೂಜೆಗೆ ತಂದ ತ್ರೀ ನಾಟ್ ತ್ರೀ

ಹಳೆಯ ರೈಫಲ್ಲನ್ನು ತಿಕ್ಕಿ ತಿಕ್ಕಿ ಹೊಳೆಯಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಣ್ಣೆ ಕುಡಿದು ಕಪ್ಪಾದ ಮರ, ಜಜ್ಜಿದ ಗುರುತು, ಉಕ್ಕಿನ ಮೇಲಿನ ಚಿಕ್ಕ ಚಿಕ್ಕ ಮುದ್ರೆ, ಇಷ್ಟೂ ಇದ್ದರೆ ಅದು ಸೇನೆ ಕಂಡ ರೈಫಲ್. ಅವನ್ನು ಅಳಿಸಿದ ಮೇಲೆ ಅದಕ್ಕೂ ಕರ್ಟನ್ ರಾಡಿಗೂ ಏನು ವ್ಯತ್ಯಾಸ ಹೇಳಿ?

ಕಾಲೇಜಿನ ಕೆಡೆಟ್ ಪೆರೇಡಿನಲ್ಲಿ ತ್ರೀ ನಾಟ್ ತ್ರೀ ರೈಫಲ್ ಹೊತ್ತು ಹೆಗಲು ಬಾತುಕೊಂಡಾಗ ಹತ್ತಿದ ಹುಚ್ಚು ಇದು. ನೈರೋಬಿಗೆ ಬಂದು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರಾಗಿ, ಸೌತ್ ಬಿ ಬಡಾವಣೆಯಲ್ಲಿ ಸಂಸಾರ ಹೂಡಿದ ಮೇಲೂ ಬಿಡಲಿಲ್ಲ. ಸ್ವಂತಕ್ಕೊಂದು ಇಟ್ಟುಕೊಳ್ಳೋಣವೆಂದರೆ ಕಾನೂನೂ ಬಿಡುವುದಿಲ್ಲ, ಹೆಂಡತಿಯೂ ಬಿಡುವುದಿಲ್ಲ. ಹಾಗಾಗಿ ಭಾನುವಾರಗಳಲ್ಲಿ ಊರಿನ ಇನ್ನೊಂದು ಬದಿಯ ಲೊರೆಶೋಗೆ ಹೋಗುತ್ತಿದ್ದೆ. ಅಲ್ಲಿ ಈ ದೇಶದವರೇ ಆದ ನಿವೃತ್ತ ಮೇಷ್ಟರೊಬ್ಬರಿದ್ದರು. ಹಿರಿಯರನ್ನು ಇಲ್ಲಿ ಕರೆಯುವಂತೆ ನಾನೂ ಅವರನ್ನು ಮ್ಜೇ ಎನ್ನುತ್ತಿದ್ದೆ. ಅವರ ಗೋಡೆಯ ಮೇಲೆ ಮೂರು ಹಳೆಯ ಸೇನಾ ರೈಫಲ್ಲುಗಳು. ಮೂರರ ನಳಿಗೆಗೂ ಬೆಸುಗೆ ಹಾಕಿ ಗುಂಡು ಹಾರದಂತೆ ಮಾಡಿತ್ತು, ಪೊಲೀಸರ ಕಾಗದವೂ ಇತ್ತು.

ಅವುಗಳಲ್ಲೊಂದು ನಮ್ಮ ತ್ರೀ ನಾಟ್ ತ್ರೀ, ಬಂಗಾಳದಲ್ಲಿ ತಯಾರಾದದ್ದು. ಸೇನೆಯಿಂದ ಇಲ್ಲಿನ ಅರಣ್ಯ ಇಲಾಖೆಗೆ ಬಂದಿದ್ದ ಅದನ್ನು ಮ್ಜೇ ಅವರ ತಂದೆ ಕಾವಲುಗಾರರಾಗಿ ವರ್ಷಗಟ್ಟಲೆ ಹೊತ್ತು ತಿರುಗಿದ್ದರು. ಹೆಗಲಿಗೆ ಆನುವ ಮರದ ಮೇಲೆ ಚಾಕುವಿನಿಂದ ತಮ್ಮ ಹೆಸರು ಕೊರೆದಿದ್ದರು. ಓರೆಕೋರೆ ಅಕ್ಷರ, ಒಂದಂತೂ ತಿರುಗುಮುರುಗು. ಅವರಿಗೆ ಬರೆಯಲು ಬರುತ್ತಿದ್ದದ್ದು ಅದೊಂದೇ ಪದವಂತೆ. ಫೋಟೋ ಇಲ್ಲ, ಪತ್ರ ಇಲ್ಲ. ಅಪ್ಪನದು ಅಂತ ಮಗನಿಗೆ ಉಳಿದದ್ದು ಆ ಹೆಸರು ಮಾತ್ರ.

“ಸ್ಪ್ಯಾನರಿಗೆ, ಫೋರ್ಕ್‌ಲಿಫ್ಟಿಗೆ ಕುಂಕುಮ ಹಚ್ಚೋದು ಏನ್ರೀ ಆಯುಧಪೂಜೆ? ಈ ಸಲ ನಿಜವಾದ ಆಯುಧ ತರ್ತೀನಿ ನೋಡ್ತಿರಿ,” ಎಂದು ಕ್ಯಾಂಟೀನಿನಲ್ಲಿ ಜಂಬ ಕೊಚ್ಚಿದವನು ನಾನೇ. ಅದರ ನಂಬರು, ತಯಾರಾದ ವರ್ಷ, ಮುದ್ರೆಗಳ ಅರ್ಥ ಎಲ್ಲ ಒದರಿದ್ದೆ. ನಾನು ಹೋಗಿ ಕೇಳಿದ ತಕ್ಷಣ ಮ್ಜೇ ಅದನ್ನು ಕಂಬಳಿಯಲ್ಲಿ ಸುತ್ತಿ, ಕಾಗದದ ಜೊತೆ ಕೊಟ್ಟರು.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಅದನ್ನು ನಮ್ಮ ಮೇಂಟೆನೆನ್ಸ್ ಇನ್‌ಚಾರ್ಜ್ ಕೈಗಿಟ್ಟೆ. ಮಂಡ್ಯ ಕಡೆಯವರು, ಕೆಲಸದಲ್ಲಿ ಗಟ್ಟಿಗರು. “ಚೆನ್ನಾಗಿ ಕ್ಲೀನ್ ಮಾಡ್ಸಿ ಪೂಜೆಗೆ ಇಡ್ರೀ,” ಎಂದು ಹೇಳಿ ಮೀಟಿಂಗಿಗೆ ಓಡಿದೆ. ನಮ್ಮವರ ಕಾರ್ಖಾನೆಗಳಲ್ಲಿ ಆಯುಧಪೂಜೆಯ ಕ್ಲೀನಿಂಗ್ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲವೇ? ವೈರ್ ಬ್ರಷ್ಷಿನಿಂದ ಉಜ್ಜು, ಬಣ್ಣ ಬಳಿ, ಹಾರ ಹಾಕು. ಬಣ್ಣ ತರಿಸಲು ವರ್ಷಾ ವರ್ಷ ಸಹಿ ಹಾಕುವವನೂ ನಾನೇ.

ಮಧ್ಯಾಹ್ನ ಬಂದು ನೋಡಿದರೆ ಉಕ್ಕಿಗೆಲ್ಲ ಸಿಲ್ವರ್ ಪೇಂಟ್. ಮರ ಹೊಸ ಮಂಚದ ಕಾಲಿನಂತೆ ಮಿರಿಮಿರಿ ಮಿಂಚುತ್ತಿತ್ತು.

“ಹೆಂಗಿದೆ ಸರ್? ಮರದ ಮೇಲೆ ಯಾರೋ ಏನೇನೋ ಗೀಚಾಕ್ಬಿಟ್ಟಿದ್ರು. ಮಷೀನ್ ಹಿಡಿದು ನೀಟಾಗಿ ಸ್ಯಾಂಡಿಂಗ್ ಮಾಡ್ದೆ. ಮೇಲೆ ಎರಡು ಕೋಟ್ ವಾರ್ನಿಶ್.”

“ನಿಮ್ಮ ತಲೆ! ಒರಿಜಿನಲ್ ಫಿನಿಶ್ ಹಾಳು ಮಾಡಿದ್ರಲ್ರೀ! ಯಾರ್ರೀ ಹೇಳಿದ್ದು ಸ್ಯಾಂಡಿಂಗ್ ಮಾಡಿ ಅಂತ?”

“ಕ್ಲೀನ್ ಮಾಡ್ಸಿ ಅಂದ್ರಲ್ಲ, ಸರ್...”

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಕೆಲಸಗಾರರೆಲ್ಲರ ಎದುರಿಗೇ ಉಗಿದು ಉಪ್ಪಿನಕಾಯಿ ಹಾಕಿದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದೂ ಅಂದುಬಿಟ್ಟೆ. ಆ ಮನುಷ್ಯ ಮರುದಿನ ಪೂಜೆಯ ಪ್ರಸಾದವನ್ನೂ ಮುಟ್ಟಲಿಲ್ಲ. ಮುಟ್ಟದಿದ್ದರೆ ಬಿಡಲಿ, ನನಗೇನು ಅಂದುಕೊಂಡೆ. ನನ್ನ ಸಿಟ್ಟು ಅಷ್ಟಿತ್ತು.

ಭಾನುವಾರ ಆ ಇನ್‌ಚಾರ್ಜನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. “ನೀವೇ ಬಂದು ಹೇಳ್ರೀ, ನಾನ್ಯಾವ ಮುಖ ಇಟ್ಕೊಂಡು ಹೇಳ್ಲಿ?” ಎಂದೆ. ರಿವರ್‌ಸೈಡ್ ದಾಟಿ ಲೊರೆಶೋ ಬರುವವರೆಗೂ ಬೈದೆ: ಹಳೇ ಎಣ್ಣೆಯ ಬಣ್ಣ ಮತ್ತೆ ಬರುವುದಿಲ್ಲ, ಮುದ್ರೆಗಳು ಮುಚ್ಚಿಹೋದವು, ಕಲೆಕ್ಟರುಗಳು ಇನ್ನು ಮೂಸಿಯೂ ನೋಡುವುದಿಲ್ಲ. ಅವರು ತೊಡೆಯ ಮೇಲೆ ಕಂಬಳಿಯ ಕಟ್ಟು ಇಟ್ಟುಕೊಂಡು ಕೂತಿದ್ದರು.

ಮ್ಜೇ ಕಂಬಳಿ ಬಿಚ್ಚಿದರು. ನುಣ್ಣಗಾದ ಮರದ ಮೇಲೆ ಹೆಬ್ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು. ನಾನು “ಇದೆಲ್ಲ ಇವರದೇ ಕೆಲಸ” ಎಂದು ಶುರುಮಾಡಿದೆ. ಅಷ್ಟರಲ್ಲಿ ಇನ್‌ಚಾರ್ಜ್ ಬಗ್ಗಿ ಮ್ಜೇ ಕಾಲು ಮುಟ್ಟಿದರು. ಮ್ಜೇ ಗಾಬರಿಯಾಗಿ ಅವರನ್ನು ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿ, ಚಹಾ ಬಗ್ಗಿಸಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾದ ಮೇಷ್ಟರ ಇಂಗ್ಲಿಷಿನಲ್ಲಿ ಕೇಳಿದರು:

“ಅದು ನನ್ನ ಅಪ್ಪನ ಹೆಸರು ಅಂತ ಇವರಿಗೆ ಹೇಳಿದ್ದಿರಾ?”

ನಮ್ಮ ಇನ್‌ಚಾರ್ಜ್ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ನನ್ನ ಮುಖವನ್ನೇ ನೋಡುತ್ತ ಕನ್ನಡದಲ್ಲಿ ಕೇಳಿದರು:

“ಹೆಸರಾ ಸರ್ ಅದು?”