ಗಂಜಿಯಣ್ಣ ಆರಿಸಿಕೊಂಡ ದಾರಿ

ನನ್ನ ಅಣ್ಣನನ್ನು ಬೀದಿಯವರೆಲ್ಲ ಗಂಜಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯನ್ನು ನೆಲಕ್ಕಿಟ್ಟರೆ ತಾನೇ ನಿಲ್ಲುತ್ತದೆ ಎಂದು ಗಿರಾಕಿಗಳ ತಮಾಷೆ. ನಮ್ಮದು ಸಣ್ಣ ಲಾಂಡ್ರಿ. ಮುಂದೆ ಇಸ್ತ್ರಿ ಮೇಜು, ಹಿಂದೆ ಮೂರು ಸಿಮೆಂಟ್ ತೊಟ್ಟಿ, ಮೇಲೆ ಮನೆ. ಒಗೆಯುವುದು ನನ್ನ ಪಾಲು, ಇಸ್ತ್ರಿ ಅವನದು. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲಿ. ಕಾಲರಿನ ಕೊಳೆ ಹೋಗಿಲ್ಲ ಎಂದು ಯಾರಾದರೂ ಅಂದರೆ, "ಅದು ಬಟ್ಟೇದಲ್ಲ ಸ್ವಾಮಿ, ನಿಮ್ಮ ಕತ್ತಿಂದು" ಎನ್ನುತ್ತಿದ್ದ. ಅತ್ತಿಗೆ ಟೈಲರ್ ಮನೆಯ ಮಗಳು, ಮಾತು ಕಡಿಮೆ. ಒಬ್ಬಳೇ ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

ಕಾಲು ಊದಿದಾಗ, ನಿಂತು ನಿಂತು ಊದಿದೆ ಎಂದ. ಮುಖ ಊದಿದಾಗ, ನಿದ್ದೆ ಹೆಚ್ಚಾಗಿದೆ ಎಂದ. ಒಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಉಸಿರು ಸಿಗದೆ ಅರ್ಧದಲ್ಲೇ ಕೂತುಬಿಟ್ಟ. ನಾನೂ ಅತ್ತಿಗೆಯೂ ಅವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಎರಡೂ ಕಿಡ್ನಿ ಕೈಕೊಟ್ಟಿದ್ದವು.

ಇಂಜೆಕ್ಷನ್ ಕೊಟ್ಟು ಉಸಿರನ್ನು ಹಿಡಿತಕ್ಕೆ ತಂದರು. ಆಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಎರಡು ದಿನದೊಳಗೆ ಡಯಾಲಿಸಿಸ್ ಶುರುವಾಗಬೇಕು, ಅದಕ್ಕೆ ಎರಡು ದಾರಿ ಎಂದರು. ಒಂದು ಯಂತ್ರ. ಮೊದಲು ಕತ್ತಿಗೆ ನಳಿಕೆ, ಆಮೇಲೆ ಕೈಯ ರಕ್ತನಾಳ ಜೋಡಿಸುವ ಆಪರೇಷನ್, ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ಗಂಟೆ. ಇನ್ನೊಂದು ಹೊಟ್ಟೆಯ ದಾರಿ. ಹೊಟ್ಟೆಗೊಂದು ನಳಿಕೆ ಇಟ್ಟು, ಅದರಲ್ಲಿ ಔಷಧಿಯ ನೀರು ತುಂಬಿ, ಕೆಲವು ಗಂಟೆ ಬಿಟ್ಟು ಇಳಿಸುವುದು. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಯಂತ್ರಕ್ಕೆ ಕೊಟ್ಟ ಕೈಲಿ ಇಸ್ತ್ರಿ ಪೆಟ್ಟಿಗೆ ಎತ್ತಬಹುದಾ?"

"ಭಾರ ಎತ್ತೋ ಹಾಗಿಲ್ಲ. ನಿಮ್ಮ ಬಲಗೈ ನರ ತೀರಾ ಸಣ್ಣದು, ಎಡಗೈಗೇ ಮಾಡ್ಬೇಕು."

ಅಣ್ಣ ಎಡಚ. ಕೆಂಡ ತುಂಬಿದ ಏಳು ಕಿಲೋ ಪೆಟ್ಟಿಗೆಯನ್ನು ಇಪ್ಪತ್ತೆಂಟು ವರ್ಷ ಆ ಎಡಗೈಯಲ್ಲೇ ತಳ್ಳಿದವನು.

ಅತ್ತಿಗೆಗೆ ಯಂತ್ರವೇ ಆಗಬೇಕಿತ್ತು. "ಅಲ್ಲಿ ನೋಡೋರು ಇರ್ತಾರೆ ರೀ. ಮನೇಲಿ ಹೆಚ್ಚುಕಮ್ಮಿ ಆದ್ರೆ ನಮಗೇನು ಗೊತ್ತಾಗುತ್ತೆ?"

"ನೀರು ಹಾಕೋದು, ಕೊಳೆ ತೆಗೆಯೋದು. ನಮ್ಮ ಕಸುಬೇ ಅಲ್ವೇನೇ ಇದು?" ಎಂದ ಅಣ್ಣ. ಆ ಸ್ಥಿತಿಯಲ್ಲೂ ಅವನ ಬಾಯಿ ಸುಮ್ಮನಿರಲಿಲ್ಲ. ನಾನು ನಕ್ಕು ತಲೆದೂಗಿದೆ. ಇಬ್ಬರು ಒಂದು ಕಡೆಯಾದ ಮೇಲೆ ಅತ್ತಿಗೆ ಮಣಿದಳು. ಸಹಿ ಹಾಕಿದೆವು.

ನರ್ಸ್ ಒಂದು ವಾರ ಕಲಿಸಿದಳು. ಕೈ ಹೇಗೆ ತೊಳೆಯಬೇಕು, ಬಾಯಿಗೆ ಬಟ್ಟೆ ಹೇಗೆ ಕಟ್ಟಬೇಕು, ಫ್ಯಾನ್ ಯಾಕೆ ಆರಿಸಬೇಕು. ಇಳಿದ ನೀರಿನ ಚೀಲವನ್ನು ಪೇಪರಿನ ಮೇಲಿಟ್ಟು ನೋಡಬೇಕು, ಅಕ್ಷರ ಕಾಣದಷ್ಟು ಮಬ್ಬಾಗಿದ್ದರೆ ತಕ್ಷಣ ಫೋನ್ ಮಾಡಬೇಕು. ಅತ್ತಿಗೆ ಅದನ್ನೆಲ್ಲ ಬರೆದು ಗೋಡೆಗೆ ಅಂಟಿಸಿದಳು. ನೀರು ಬದಲಿಸುವ ಕೋಣೆಯೊಳಗೆ ನನ್ನನ್ನೂ ಬಿಡುತ್ತಿರಲಿಲ್ಲ.

ಐದು ತಿಂಗಳು ಅಣ್ಣ ಇಸ್ತ್ರಿ ಮಾಡಿದ. ಮೊದಲಿನಷ್ಟಲ್ಲ, ಆದರೂ ಮಾಡಿದ. ಅವನಿಗಿದ್ದ ತಕರಾರು ಒಂದೇ. ಇಳಿದ ನೀರು ತಿಳಿಯಾಗಿರುತ್ತದೆ. "ಇಷ್ಟು ವರ್ಷದ ಕೊಳೆ ಎಲ್ಲೋ ಹೋಯ್ತು? ಇದು ಒಗೆತವೇ ಅಲ್ಲ ಬಿಡು" ಎಂದು ನನ್ನ ಹತ್ತಿರ ಗೊಣಗುತ್ತಿದ್ದ. ನನಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು. ಒಗೆಯುವವನಿಗೆ ತೊಟ್ಟಿಯ ನೀರು ಕದಡದಿದ್ದರೆ ಸಮಾಧಾನವಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅತ್ತಿಗೆ ಚೀಲ ಹಿಡಿದು ಕೆಳಗೆ ಬಂದಳು. ನೀರು ಅಕ್ಕಿ ತೊಳೆದ ನೀರಿನಂತಿತ್ತು. "ಅಕ್ಷರ ಕಾಣ್ತಿಲ್ಲ. ಫೋನ್ ಮಾಡ್ತೀನಿ" ಎಂದಳು.

ಅಣ್ಣನ ಮುಖ ಅರಳಿತು. "ಈಗ ಬಿಡ್ತಾ ಇದೆ ನೋಡೋ ಕೊಳೆ!" ಎಂದ ನನಗೆ.

"ಕೊಳೆ ಬಿಟ್ರೆ ತಾನೇ ಅತ್ತಿಗೆ, ಬಟ್ಟೆ ಬೆಳ್ಳಗಾಗೋದು?" ಎಂದೆ ನಾನು. "ಇನ್ನೆರಡು ನೀರು ಹೋಗ್ಲಿ, ತಾನೇ ತಿಳಿಯಾಗುತ್ತೆ. ಸುಮ್ನೆ ಹೆದರಿ ಆಸ್ಪತ್ರೆಗೆ ಹೋದ್ರೆ ಯಂತ್ರಕ್ಕೆ ಕಟ್ಟಿಹಾಕ್ತಾರೆ."

ಅಣ್ಣನಿಗಿದ್ದ ಭಯ ಅದೇ. ಅತ್ತಿಗೆಯ ಕೈಯಿಂದ ಫೋನ್ ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡ. ಅವಳು ಮತ್ತೆರಡು ಸಲ ಕೇಳಿದಳು. ಎರಡನೆಯ ಸಲ ನಾನೇ ರೇಗಿದೆ.

ಬುಧವಾರ ಅವನು ಹೊಟ್ಟೆ ಹಿಡಿದುಕೊಂಡು ಮೇಜಿನ ಕೆಳಗೆ ಮುದುಡಿ ಬಿದ್ದಿದ್ದ. ಮೈ ಕಾದ ಹಂಚು.

ಆಸ್ಪತ್ರೆಯಲ್ಲಿ ಚೀಲ ನೋಡಿದ್ದು ಕಲಿಸಿಕೊಟ್ಟ ನರ್ಸೇ. "ಎಷ್ಟು ದಿನದಿಂದ ಹೀಗೆ?"

"ಮೂರು ದಿನ" ಎಂದಳು ಅತ್ತಿಗೆ.

"ಮೊದಲ ದಿನಾನೇ ಬಂದಿದ್ರೆ ಔಷಧಿಲೇ ಹತೋಟಿಗೆ ಬರ್ತಿತ್ತೇನೋ! ಅಷ್ಟು ಸಲ ಹೇಳಿದ್ದೆ. ಯಾಕೆ ಫೋನ್ ಮಾಡ್ಲಿಲ್ಲ?"

ಅಣ್ಣ ಕಣ್ಣು ತೆರೆದೇ ಇದ್ದ. ಅವನಿಗೆ ಎಲ್ಲ ಕೇಳಿಸುತ್ತಿತ್ತು. ಅವನ ತಲೆದಿಂಬಿನ ಹತ್ತಿರ ಡಾಕ್ಟರಮ್ಮ, ಬಾಗಿಲಲ್ಲಿ ಆಗಷ್ಟೇ ಬಂದಿದ್ದ ಮಗಳು. ಅತ್ತಿಗೆ ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು.

"ನಾನು ಸರಿಯಾಗಿ ನೋಡ್ಲಿಲ್ಲ ಸಿಸ್ಟರ್. ನನ್ನದೇ ತಪ್ಪು" ಎಂದಳು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ.

ಹೊಟ್ಟೆಯ ನಳಿಕೆ ತೆಗೆದು ಕತ್ತಿಗೊಂದು ಹಾಕಿದರು. ಕೊನೆಗೂ ಯಂತ್ರಕ್ಕೇ ಕಟ್ಟಿದರು. ಈ ಸಲ ಅವನನ್ನು ಯಾರೂ ಕೇಳಲಿಲ್ಲ. ನಂಜು ಆಗಲೇ ರಕ್ತಕ್ಕೆ ಏರಿತ್ತು. ಒಂಬತ್ತನೆಯ ದಿನ ಹೋದ.

ವರ್ಷವಾಯಿತು. ಈಗ ಇಸ್ತ್ರಿ ಅತ್ತಿಗೆಯೇ ಮಾಡುತ್ತಾಳೆ. ಮಗಳು ರಜೆಗೆ ಬಂದರೆ ಅಮ್ಮನೊಡನೆ ಮಾತಾಡುವುದಿಲ್ಲ. ಅಪ್ಪನನ್ನು ಕೊಂದವಳು ಎಂದು ಒಮ್ಮೆ ಎದುರಿಗೇ ಅಂದಳು. ಅತ್ತಿಗೆ ಮೇಜಿನ ಮೇಲಿದ್ದ ಅಂಗಿಯ ತೋಳು ಮಡಿಸುತ್ತಲೇ ಇದ್ದಳು. ಹುಡುಗಿ ಹಿಂದಿನ ತೊಟ್ಟಿಯ ಹತ್ತಿರ ಬಂದು, ಒದ್ದೆ ಕೈಯೆನ್ನದೆ ನನ್ನ ಕೈ ಹಿಡಿದುಕೊಂಡು ಅತ್ತಳು.

"ಅಪ್ಪನಿಗೆ ಅಂತ ಇದ್ದೋನು ನೀನೊಬ್ಬನೇ ಚಿಕ್ಕಪ್ಪ" ಎಂದಳು.

ನಾನು ಹೂಂ ಎಂದೆ.