ಓದಕ್ಕ ಬದಲಾಯಿಸಿದ ಕೊನೆಯ ಕಂತು

ಬೆಳಿಗ್ಗೆ ಆರೂಕಾಲು. ರಟ್ಟಿನ ಡಬ್ಬಿ ಮಾಡುವ ಶೆಡ್ಡಿನಲ್ಲಿ ಅಂಟಿನ ಬೋಗುಣಿಗಳು ಇನ್ನೂ ಹಬೆಯಾಡುತ್ತಿವೆ. ನಾಲ್ಕು ಉದ್ದ ಮೇಜುಗಳ ಇಕ್ಕೆಲಗಳಲ್ಲಿ ನಲವತ್ತೆರಡು ಹೆಂಗಸರು ನಿಂತಿದ್ದಾರೆ. ಕೂತಿರುವವರು ಒಬ್ಬರೇ. ನಡುವಿನ ಎತ್ತರದ ಸ್ಟೂಲಿನ ಮೇಲೆ, ಬಲ್ಬಿನ ಕೆಳಗೆ, ವಾರಪತ್ರಿಕೆಯನ್ನು ಮೂಗಿಗೆ ಹತ್ತಿರ ಹಿಡಿದು ಕೂತಿದ್ದಾರೆ. ಐವತ್ತೆಂಟು ವರ್ಷದ ಅವರನ್ನು ಇಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ಅವರು ಓದಕ್ಕ. "ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?" ಎಂದು ಕೇಳುತ್ತಾರೆ. "ಗಂಡ ಬಾಗ್ಲು ಹಾಕ್ಕೊಂಡು ಹೋದ!" ಎಂದು ಮೂರು ಮೇಜುಗಳಿಂದ ಒಟ್ಟಿಗೇ ಉತ್ತರ ಬರುತ್ತದೆ.

ಕೈಗೆ ಕೆಲಸ, ಕಿವಿಗೆ ಕಥೆ. ಇದು ಈ ಶೆಡ್ಡಿನ ಹಳೆಯ ಪದ್ಧತಿ. ಪ್ರತಿಯೊಬ್ಬರೂ ದಿನಕ್ಕೆ ಏಳು ಡಬ್ಬಿ ಹೆಚ್ಚಿಗೆ ಮಾಡಿ ಓದುವವಳ ಹೆಸರಿಗೆ ಹಾಕುತ್ತಾರೆ, ಹಾಗಾಗಿ ಓದಕ್ಕ ಅಂಟು ಮುಟ್ಟಬೇಕಿಲ್ಲ. ಮಾಲೀಕರದ್ದೂ ತಕರಾರಿಲ್ಲ, ಕಥೆ ನಡೆಯುವಾಗ ಹರಟೆ ನಿಲ್ಲುತ್ತದಲ್ಲ. ದಿನಕ್ಕೆ ನಾಲ್ಕು ಗಂಟೆ, ಹತ್ತಿರ ಹತ್ತಿರ ಅರವತ್ತು ಪುಟ, ಹತ್ತೊಂಬತ್ತು ವರ್ಷಗಳಿಂದ. ಎರಡು ಸಲ ಗಂಟಲಲ್ಲಿ ಗಂಟು ಬೆಳೆದು, ಮಾತೇ ಆಡಬೇಡಿ ಎಂದು ವೈದ್ಯರು ಹೇಳಿದ್ದಾರೆ. ವೈದ್ಯರ ಮಾತು ಇವರು ಕೇಳಿದರೂ ಹೊಟ್ಟೆ ಕೇಳಬೇಕಲ್ಲ.

"ಸಂಘದವ್ರು ಒಂದ್ಸಲ ಕರಪತ್ರ ತಂದ್ಕೊಟ್ರು, ನಮ್ಮ ಹಕ್ಕು ಏನು ಅಂತ. ಪೂರ್ತಿ ಓದ್ದೆ. ಎಲ್ರೂ ಆಕಳಿಸಿದ್ರು. ಕಾನೂನು ಓದಿದ್ರೆ ನಿದ್ದೆ ಬರುತ್ತೆ, ಕಥೆ ಓದಿದ್ರೆ ಸಿಟ್ಟು ಬರುತ್ತೆ ನೋಡಿ," ಎನ್ನುತ್ತಾರೆ ಓದಕ್ಕ. ಅಲ್ಲಿಯವರೆಗೆ ಮೇಸ್ತ್ರಿ ತೋರಿಸಿದ ಗುರುತಿಗೆ ಕಣ್ಣು ಮುಚ್ಚಿ ಮತ ಹಾಕುತ್ತಿದ್ದ ಶೆಡ್ಡು, ಒಂದು ಕಾದಂಬರಿ ಕೇಳಿದ ಮೇಲೆ ಅದೇ ಅಭ್ಯರ್ಥಿಗೆ ಬೆನ್ನು ತಿರುಗಿಸಿತಂತೆ. ಕಾರಣ, ಅವನ ನಗು ಕಾದಂಬರಿಯ ಖಳನ ನಗುವಿನಂತೆಯೇ ಇತ್ತು. "ಅವನು ನಿಜವಾಗ್ಲೂ ಕೆಟ್ಟೋನೋ ಅಲ್ವೋ, ಯಾರಿಗೆ ಗೊತ್ತು ಪಾಪ!" ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ.

ಹೋದ ವರ್ಷದ ಧಾರಾವಾಹಿ ಒಬ್ಬ ನೂಲಿನ ಗಿರಣಿಯ ಹೆಂಗಸಿನದು. ಕೂರಲು ಪೀಠ ಕೊಡಿ ಎಂದು ಕೇಳಿ, ಕೊಡದಿದ್ದಾಗ ನೆಲದ ಮೇಲೆ ಕೂತುಬಿಡುತ್ತಾಳೆ. ಜೊತೆಯವರೂ ಕೂರುತ್ತಾರೆ. ಐದನೇ ದಿನ ಯಜಮಾನ ಅರ್ಧಕ್ಕೆ ಒಪ್ಪುತ್ತಾನೆ: ವಯಸ್ಸಾದವರಿಗೆ ಮಾತ್ರ ಪೀಠ. ಅವಳು ತಲೆತಗ್ಗಿಸಿ ಒಪ್ಪಿಕೊಂಡು ಕೆಲಸಕ್ಕೆ ಮರಳುತ್ತಾಳೆ. ಪತ್ರಿಕೆಯಲ್ಲಿ ಅಚ್ಚಾದ ಕೊನೆ ಇಷ್ಟೇ.

ಶೆಡ್ಡಿನಲ್ಲಿ ಓದಿದ್ದು ಇದನ್ನಲ್ಲ. "ಕೊನೇ ಕಂತು ಓದೋವಾಗ ತಲೆ ಎತ್ತಿ ನೋಡ್ದೆ. ಎಲ್ರೂ ಕೈ ನಿಲ್ಸಿದ್ರು. ಅತ್ತಿಗೆ ಬ್ರಷ್ಷಲ್ಲಿ ಅಂಟು ಒಣಗ್ತಾ ಇತ್ತು. ಇವರಿಗೆ ಸೋಲಿನ ಕಥೆ ಹೇಗೆ ಓದ್ಲಿ? ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಅವಳು ಒಪ್ಲಿಲ್ಲ, ಆರನೇ ದಿನ ಯಜಮಾನನೇ ಬಂದು ಎಲ್ರಿಗೂ ಪೀಠ ಕೊಟ್ಟ ಅಂತ." ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ಓದು ಬಾರದವರು, ಓದಕ್ಕನ ಜೊತೆ ಎರಡು ಕೋಣೆಯ ಒಂದೇ ಮನೆಯಲ್ಲಿರುವವರು.

ಮೂರು ವಾರದ ನಂತರ ಶೆಡ್ಡಿನಲ್ಲಿ ಎಲ್ಲರೂ ನೆಲದ ಮೇಲೆ ಕೂತರು. ಮುಂದಾಳು ಅತ್ತಿಗೆಯೇ. ಐದನೇ ದಿನ ಮಾಲೀಕರು, ಕಥೆ ಕೇಳಿದ್ದರೋ ಎಂಬಂತೆ, ವಯಸ್ಸಾದವರಿಗೆ ಸ್ಟೂಲು ಕೊಡುತ್ತೇನೆ ಎಂದರು. ಹಲವರು ಎದ್ದೇಬಿಟ್ಟಿದ್ದರು. ಅತ್ತಿಗೆ ಕೈ ಹಿಡಿದು ಕೂರಿಸಿದರು: "ಇನ್ನೊಂದೇ ದಿನ ಕಣ್ರೇ, ಆರನೇ ದಿನ ಅವನೇ ಬರ್ತಾನೆ." ಆರನೇ ದಿನ ಬಂದದ್ದು ಹೊಸ ಕೆಲಸಗಾರರು ತುಂಬಿದ ಲಾರಿ. ಹನ್ನೊಂದು ಜನರ ಕೆಲಸ ಹೋಯಿತು, ಮೊದಲ ಹೆಸರು ಅತ್ತಿಗೆಯದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಓದಕ್ಕನನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ನೀನು ಯಾವಾಗ್ಲೂ ಕೂತೇ ಇರ್ತೀಯ, ಮುಷ್ಕರ ಮಾಡಿದ್ಯೋ ಇಲ್ವೋ ಹೇಗೆ ಗೊತ್ತಾಗ್ಬೇಕು?" ಎಂದರಂತೆ ಮಾಲೀಕರು. ಇದನ್ನು ಹೇಳುವಾಗ ಓದಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನನಗೂ ತಿಳಿಯಲಿಲ್ಲ.

ಮಧ್ಯಾಹ್ನ ಅವರ ಮನೆಗೆ ಹೋಗುತ್ತೇನೆ. ಅತ್ತಿಗೆ ಈಗ ನಾಲ್ಕು ಕಟ್ಟಡಗಳ ಮೆಟ್ಟಿಲು ತೊಳೆಯುತ್ತಾರೆ. ಮಂಡಿಗಳು ಊದಿಕೊಂಡು ಬಿಗಿದಿವೆ, ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದಾರೆ. ನಾದಿನಿಯ ಮೇಲೆ ಅವರಿಗೆ ಬೆಟ್ಟದಷ್ಟು ಅಭಿಮಾನ. "ಇವಳು ಓದದೇ ಇದ್ದಿದ್ರೆ ನಮಗೆ ಕೇಳ್ಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ," ಎನ್ನುತ್ತಾರೆ. ಆಮೇಲೆ ಮಂಡಿ ನೀವಿಕೊಳ್ಳುತ್ತಾ, "ಕಥೇಲಿ ಸರಿಯಾಗೇ ಇತ್ತು. ನಾವೇ ಎಲ್ಲೋ ಸರಿಯಾಗಿ ಕೂರ್ಲಿಲ್ಲ. ನನ್ನಿಂದ ಹತ್ತು ಮನೆ ಒಲೆ ಆರಿತು," ಎನ್ನುತ್ತಾರೆ. ಅಡುಗೆ ಕೋಣೆಯಲ್ಲಿದ್ದ ಓದಕ್ಕ ಈಚೆ ಬರುವುದೇ ಇಲ್ಲ.

ಒಂದು ವರ್ಷದಿಂದ ಇದು ಅವರಿಗೆ ನುಂಗಲಾರದ ತುತ್ತು. ಅತ್ತಿಗೆಗೆ ಹೇಳಲು ಬಾಯಿ ತೆರೆದಾಗಲೆಲ್ಲ ಬೇರೇನೋ ಮಾತು ಬಂದುಬಿಡುತ್ತದಂತೆ. ಹೇಳಿದರೆ ಮನೆಯಲ್ಲಿ ಅತ್ತಿಗೆ ಉಳಿಯುತ್ತಾರೋ ಇಲ್ಲವೋ, ಶೆಡ್ಡಿನಲ್ಲಿ ಸ್ಟೂಲು ಉಳಿಯುತ್ತದೋ ಇಲ್ಲವೋ. ಹೇಳದಿದ್ದರೆ ತಪ್ಪಿನ ಹೊರೆ ಆ ಮಂಡಿಗಳ ಮೇಲೆಯೇ. ಸೋತವಳ ಕಥೆಯನ್ನು ಇದ್ದ ಹಾಗೆ ಓದಿದ್ದರೆ ಇವರೆಲ್ಲ ಕೂರುತ್ತಲೇ ಇರಲಿಲ್ಲವೇನೋ, ಅಥವಾ ಐದನೇ ದಿನ ಸಿಕ್ಕಿದ್ದನ್ನು ಇಟ್ಟುಕೊಂಡು ಏಳುತ್ತಿದ್ದರೇನೋ. ಯಾವುದು ವಾಸಿ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಹೊರಡುವಾಗ ಬೀದಿಯವರೆಗೂ ಓದಕ್ಕ ಬರುತ್ತಾರೆ. ಕೊನೆಯ ಕಂತಿನ ವಿಷಯ ಬಿಟ್ಟು ಬರೆಯಲೇ ಎಂದು ಕೇಳುತ್ತೇನೆ.

"ಬೇಡ, ಎಲ್ಲಾ ಬರೀರಿ. ಭಾನುವಾರದ ಪೇಪರ್ ಬಂದ್ರೆ ಅತ್ತಿಗೆ ಬಿಡಲ್ಲ, ನಿನ್ ಬಗ್ಗೆ ಏನ್ ಬರ್ದಿದ್ದಾರೆ ಓದೇ ಅಂತಾಳೆ. ನಾನೇ ಓದ್ಬೇಕು. ಈ ಸಲ ಇದ್ದ ಹಾಗೇ ಓದ್ತೀನಿ."