ಬಳೆಗಾರ್ತಿ ನೂರಜಾನಬಿ ಹಿಡಿದ ನಾಡಿ

ಕುಷ್ಟಗಿಯ ನೂರಜಾನಬಿ ಬಳೆ ಮಾರುವ ಹೆಂಗಸು. ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೇರಿಸಿ ಮೂಡಲು ಕೆಂಪಾಗುವಾಗ ಊರು ಬಿಟ್ಟಳೆಂದರೆ ಯಲಬುರ್ಗಾ ಸೀಮೆಯ ಎರಡು ಮೂರು ಹಳ್ಳಿ ತಿರುಗಿ, ಹೊತ್ತು ಮುಳುಗುವುದರೊಳಗೆ ಗೊತ್ತಿದ್ದವರ ಮನೆ ಸೇರುತ್ತಿದ್ದಳು. ವಾರಕ್ಕೆ ಐದು ದಿನ ಇದೇ ನಡಿಗೆ. ದಾರಿಯಲ್ಲಿ ಗಾಡಿಯವರು "ಹತ್ತವಾ" ಎಂದರೆ, "ನಿನ್ನ ಎತ್ತು ಊರು ಮುಟ್ಟೋದ್ರಾಗ ನಾ ನಾಕು ಮಂದಿಗೆ ಬಳಿ ಇಟ್ಟಿರ್ತೀನಿ" ಎಂದು ಮುಂದೆ ಹೋಗಿಬಿಡುವಳು. ಬಾಯಿ ಜೋರು. ಚೌಕಾಸಿ ಮಾಡಿದವರನ್ನು ಓಣಿ ತುಂಬ ಆಡಿಕೊಳ್ಳುತ್ತಿದ್ದಳು. ಅಷ್ಟು ಬಿಟ್ಟರೆ, ಆಕೆಯ ಕೈಗೆ ಸರಿಗಟ್ಟುವ ಕೈಯನ್ನು ನಾನು ಈ ನಾಲ್ಕು ತಾಲ್ಲೂಕಿನಲ್ಲಿ ಕೇಳಿಲ್ಲ, ಕಂಡಿಲ್ಲ.

ಬಿಗಿಯಾದ ಬಳೆ ಏರಿಸುವುದು ಸುಮ್ಮನೆ ಅಲ್ಲ. ಹೆಣ್ಣುಮಗಳ ಮುಂಗೈಯನ್ನು ಹಿಡಿದು, ಎಲುಬು ಮೆತ್ತಗಾಗುವ ತನಕ ಒತ್ತಿ ಒತ್ತಿ ಪಳಗಿಸಬೇಕು. ಆಗ ಬಳೆಗಾರ್ತಿಯ ಬೆರಳು ನಾಡಿಯ ಮೇಲೇ ಕೂರುತ್ತದೆ. ಇಪ್ಪತ್ತು ವರ್ಷ ದಿನಕ್ಕೆ ಮೂವತ್ತು ಕೈ ಹಿಡಿದ ನೂರಜಾನಬಿಗೆ ಯಾರೂ ಹೇಳಿಕೊಡದ ಒಂದು ಮಾತು ತಿಳಿದಿತ್ತು. ಗಾದಿಗೆ ಒರಗಿ ಕೂತ ಸಾಹುಕಾರತಿಯ ನಾಡಿ ತಡಬಡ ತಡಬಡ ಹೊಡೆದುಕೊಳ್ಳುತ್ತದೆ. ಕೊಪ್ಪಳದ ಗುಡ್ಡದಿಂದ ಕಟ್ಟಿಗೆ ಹೊತ್ತು ಇಳಿಯುವವಳದು ನಿಧಾನ, ಆದರೆ ಒಂದೊಂದು ಏಟೂ ಒನಕೆ ಬಿದ್ದಂತೆ ಗಟ್ಟಿ.

ಮೂವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಬೇವೂರಿನ ಹತ್ತಿರದ ಹಳ್ಳಿಯಿಂದ ವಿರೂಪಾಕ್ಷಮ್ಮ ಎಂಬಾಕೆ ಹೇಳಿಕಳಿಸಿದಳು. ಮನೆಯಲ್ಲಿ ಮದುವೆ, ಮದುಮಗಳಿಗೆ ಹಸಿರು ಬಳೆ ಬೇಕು. ಹುಡುಗಿ ಗಂಗಾವತಿ ಕಾಲುವೆ ಕಡೆಯವಳು, ಸಣ್ಣ ಕೈ. ನೂರಜಾನಬಿ ಅಳತೆಗೆ ತಕ್ಕ ಬಳೆ ಆರಿಸಿಕೊಂಡು ಹೋದಳು. ಹೋಗಿ ನೋಡಿದರೆ ಮದುಮಗ ವಿರೂಪಾಕ್ಷಮ್ಮನ ಮಗ ಅಮರಪ್ಪ! ಅವನಿಗೆ ನಾಲ್ಕು ವರ್ಷದ ಹಿಂದೆಯೇ ಮದುವೆಯಾಗಿತ್ತು. ಹೆಂಡತಿ ಹಂಪವ್ವ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಆಗಲೇ ಅಂಗಳಕ್ಕೆ ಬಂದಳು.

"ಇಕಿನ್ನ ಏನು ಮಾಡ್ತೀರಬೇ?" ಎಂದು ಕೇಳಿದಳು ನೂರಜಾನಬಿ.

"ತವರಿಗೆ ಕಳಸ್ತೀವಿ. ಅಮಾಸಿ ಆದ ಮರುದಿನ," ಎಂದಳು ವಿರೂಪಾಕ್ಷಮ್ಮ. ದನಿ ಇಳಿಸಿ ಕಾರಣವನ್ನೂ ಹೇಳಿದಳು. ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ನಾಟಿ ವೈದ್ಯ ಕರಿಬಸಪ್ಪನ ಹತ್ತಿರ ಕರೆದುಕೊಂಡು ಹೋಗಿದ್ದರು. ಅವನು ನಾಡಿ ಹಿಡಿದವನು ಬಿಡಲೇ ಇಲ್ಲವಂತೆ. ಕೊನೆಗೆ, ರಕ್ತ ತಣ್ಣಗಾಗುತ್ತಿದೆ, ನಾಡಿ ಆಗಲೇ ನಿಲ್ಲುವ ಹಾದಿ ಹಿಡಿದಿದೆ, ಮುಂದಿನ ಯುಗಾದಿ ಕಾಣುವುದು ಕಷ್ಟ ಎಂದನಂತೆ. "ಸಾಯೋದಾದ್ರ ತವರಮನ್ಯಾಗ ಸಾಯಲಿ. ನಮ್ಮ ಹುಡುಗನ ಬಾಳೇನು ಬಯಲಾಗಬೇಕೇನು?"

ಹಂಪವ್ವ ಗಡಿಗೆಗೆ ನೀರು ಸುರಿದು, ಮತ್ತೆ ಕೊಡ ಎತ್ತಿಕೊಂಡು ಹೊರಟಳು. ಆ ಊರ ಬಾವಿಗೆ ಎಂಬತ್ತು ಮೆಟ್ಟಿಲು. ಬೇಸಿಗೆಯಲ್ಲಿ ನೀರು ತಳಕ್ಕೆ ಹೋದರೆ ಎಂಬತ್ತೂ ಇಳಿಯಬೇಕು, ಎಂಬತ್ತೂ ಹತ್ತಬೇಕು. ಮನೆಯ ಮಂದಿಗೆ, ಎರಡು ಜೋಡಿ ಎತ್ತಿಗೆ, ಒಂದು ಎಮ್ಮೆಗೆ ಆಕೆಯೊಬ್ಬಳದೇ ನೀರು.

"ಸಾಯೋಳ ಕೈಲೆ ಇವತ್ತು ಎಷ್ಟು ಕೊಡ ತರಿಸಿದಿರಿ?"

ನೂರಜಾನಬಿ ಆರಿಸಿ ತಂದ ಬಳೆಯನ್ನು ಮತ್ತೆ ಮಲಾರಕ್ಕೆ ಪೋಣಿಸಿದಳು.

"ವೈದ್ಯರನ್ನ ಕರಸ್ರಿ. ಅವರು ಬರೋತನಕ ಈ ಮನ್ಯಾಗ ನಾ ಒಂದು ಬಳಿ ಇಡಾಂಗಿಲ್ಲ."

ಕರಿಬಸಪ್ಪನ ಮನೆ ಹಿಂದಿನ ಓಣಿಯಲ್ಲೇ ಇತ್ತು. ಆತ ಸುಳ್ಳುಗಾರನಲ್ಲ, ಆಸೆಬುರುಕನೂ ಅಲ್ಲ. ಬಂದು ಕಟ್ಟೆಯ ಮೇಲೆ ಕೂತ. ನೂರಜಾನಬಿ ತನ್ನ ಕೈಯನ್ನೇ ಅವನ ಮುಂದೆ ಚಾಚಿದಳು.

"ಮೊದಲು ಇದನ್ನ ಹಿಡೀರಿ."

ಕರಿಬಸಪ್ಪ ಹಿಡಿದ. ಹುಬ್ಬು ಗಂಟಾಯಿತು. ಇನ್ನೊಂದು ಕೈಯನ್ನೂ ಹಿಡಿದು ನೋಡಿದ. "ಇದು ಹಂಪವ್ವಂದಕಿಂತ ನಿಧಾನ ಐತಲ್ಲವಾ."

"ಹಂಗಾರ ನಾ ಸತ್ತು ಎಷ್ಟು ವರ್ಷ ಆತ್ರಿ?"

ಬಳೆ ಇಡಿಸಿಕೊಳ್ಳಲೆಂದು ಅಂಗಳದಲ್ಲಿ ಸೇರಿದ್ದ ಹೆಣ್ಣುಮಕ್ಕಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕರಿಬಸಪ್ಪ ನಗಲಿಲ್ಲ. "ನೀನೊಬ್ಬಾಕಿ ಹಂಗ ಇದ್ದಿದ್ದು ನೋಡಿ ಮಾತು ಬದಲಿ ಮಾಡಾಕ ಬರೂದಿಲ್ಲ," ಎಂದ. ಅದೂ ಖರೆಯೇ.

ಹಂಪವ್ವ ಮರಳಿ ಬಂದು ಕೊಡ ಇಳಿಸಿದಳು. ನೂರಜಾನಬಿ ಆಕೆಯನ್ನು ಕೂರಿಸಿ, ದಣಿವಾರಲು ಬಿಟ್ಟು, ಬಲಗೈಯಲ್ಲಿ ಆಕೆಯ ಮುಂಗೈ, ಎಡಗೈಯಲ್ಲಿ ಅಮರಪ್ಪನ ಮುಂಗೈ ಹಿಡಿದಳು. ಅಮರಪ್ಪ ಕಿರಾಣಿ ಅಂಗಡಿ ಇಟ್ಟವನು. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವವನು. "ನೋಡ್ರಿ, ಇವಂದು ಏಳು ಬಡಿಯೋದ್ರಾಗ ಇಕಿದು ನಾಕು," ಎಂದಳು. ಕರಿಬಸಪ್ಪನೂ ಹಾಗೆಯೇ ಎರಡು ಕೈ ಹಿಡಿದು ಎಣಿಸಿದ. ಏಳಕ್ಕೆ ನಾಲ್ಕೇ.

"ಈಗ ಇಬ್ಬರೂ ಬಾವಿಗೆ ನಡೀರಿ. ಅಕಿ ಎರಡು ಕೊಡ ತರ್ಲಿ. ಅಮರಪ್ಪ, ನೀ ಬರೇ ಕೈಲೆ ಇಳಿದು ಹತ್ತಿದರ ಸಾಕು."

"ಗಂಡಸಿಗೆ ಅದೇನು ದೊಡ್ಡದು?" ಎಂದು ಅಮರಪ್ಪ ಎದ್ದ.

ಊರೇ ಹಿಂದೆ ಹೋಯಿತು. ಇಳಿಯುವಾಗ ಅಮರಪ್ಪನೇ ಮುಂದಿದ್ದ. ಹತ್ತುವಾಗ ಅರ್ಧಕ್ಕೆ ಬಂದು ಗೋಡೆ ಹಿಡಿದ. ತುಂಬಿದ ಎರಡು ಕೊಡ ಹೊತ್ತ ಹಂಪವ್ವ ಪಕ್ಕದಿಂದ ಹಾದು ಹೋದಳು, ನೀರು ತುಳುಕಲಿಲ್ಲ. ಮೇಲೆ ಬಂದ ಅಮರಪ್ಪ ಬೇವಿನ ಬುಡದಲ್ಲಿ ಕುಸಿದು ಕೂತ. ಕರಿಬಸಪ್ಪ ಇಬ್ಬರ ಕೈಯನ್ನೂ ಹಿಡಿದುಕೊಂಡು ಕಣ್ಣು ಮುಚ್ಚಿದ. ಮೊದಲಿಗೆ ಎರಡೂ ನಾಡಿ ಓಡುತ್ತಿದ್ದವು. ಒಂದು ಎಲೆ ಅಡಿಕೆ ಮಡಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಹಂಪವ್ವನದು ತನ್ನ ನಡಿಗೆಗೆ ಬಂದು ನಿಂತಿತು. ಅಮರಪ್ಪನದು ಆ ಎಲೆ ಅಗಿದು ಉಗುಳಿದರೂ ಓಡುತ್ತಲೇ ಇತ್ತು.

ಕರಿಬಸಪ್ಪ ಕಣ್ಣು ತೆರೆದ. ಮೂವತ್ತು ವರ್ಷದ ಹೆಸರಿದ್ದ ಮನುಷ್ಯ ಊರ ಮುಂದೆ ಹೇಳಿದ ಮಾತು ಇದು: "ನನ್ನ ಹತ್ರ ಬರೋರೆಲ್ಲ ಹಾಸಿಗಿ ಹಿಡಿದೋರು. ಅವರ ನಾಡಿ ನಿಧಾನ ಆತಂದ್ರ ಕಡೀಗೇ. ಛಲೋ ಇದ್ದೋರ ಕೈ ನಾ ಯಾವತ್ತು ಹಿಡಿದೀನಿ? ಈ ತಾಯಿ ದಿನಾ ಅದನ್ನ ಹಿಡಿದಾಳ. ಒಂದ ಏಟಿಗೆ ಎರಡು ಏಟಿನ ಕೆಲಸ ಮಾಡೋ ಎದಿ ಇದು, ವಿರೂಪಾಕ್ಷಮ್ಮ. ನಾ ತಪ್ಪಿದೆ." ಹಾಗೆ ಒಪ್ಪಿಕೊಂಡವನನ್ನೂ ನಾನು ಸಣ್ಣವನೆನ್ನಲಾರೆ. ಆಮೇಲೆ ಆತ ಯಾರ ಕೈ ಹಿಡಿಯುವ ಮುಂಚೆಯೂ "ನೀರು ಎಷ್ಟು ದೂರದಿಂದ ತರ್ತೀ?" ಎಂದು ಕೇಳುತ್ತಿದ್ದನಂತೆ.

ಈಗ ದವಾಖಾನೆಯಲ್ಲಿ ಯಂತ್ರ ಇಟ್ಟು ಇದನ್ನೇ ಹೇಳುತ್ತಾರೆ. ದಿನವೂ ಮೈ ದಂಡಿಸಿ ಉಸಿರು ಪಳಗಿಸಿದವರ ಎದೆ, ಸುಮ್ಮನೆ ಕೂತಾಗ ನಿಧಾನ ಬಡಿಯುತ್ತದೆ, ದಣಿದರೆ ಬೇಗ ಸುಧಾರಿಸುತ್ತದೆ ಎಂದು. ಅಕ್ಷರ ಬಾರದ ನೂರಜಾನಬಿಗೆ ಅದು ಬೆರಳ ತುದಿಯಲ್ಲಿ ತಿಳಿದಿತ್ತು.

ಮನೆಗೆ ಬಂದ ಮೇಲೆ ವಿರೂಪಾಕ್ಷಮ್ಮ ಬಾಗಿಲಿಗೆ ಬೆನ್ನು ಮಾಡಿ ಒಲೆ ಊದತೊಡಗಿದಳು. ಅಮರಪ್ಪ ಬಾಗಿಲಲ್ಲಿ ನಿಂತು, "ಗಂಗಾವತಿಯವರಿಗೆ ಬ್ಯಾಡಂತ ಹೇಳಿಕಳಸ್ತೀನಿ, ಯವ್ವಾ," ಎಂದ. ನಾಲ್ಕು ವರ್ಷದಲ್ಲಿ ಅವನು ಹೆಂಡತಿಯ ಪರವಾಗಿ ಆಡಿದ ಮೊದಲ ಮಾತು ಅದು. ತಾಯಿ ತಿರುಗದೆಯೇ ನೂರಜಾನಬಿಗೆ, "ತಂದ ಬಳಿ ಹೊಳ್ಳಿ ಒಯ್ಯಬ್ಯಾಡ. ಇಕಿಗೇ ಇಡು," ಎಂದಳು.

ನೂರಜಾನಬಿ ಹಂಪವ್ವನ ಕೈ ಹಿಡಿದು ಒಂದು ಹಸಿರು ಬಳೆ ಬೆರಳಿನ ಗಂಟಿನ ತನಕ ತಂದು, ತಡೆದು, ತೆಗೆದಳು. ಮನಸ್ಸು ಮಾಡಿದ್ದರೆ ಏರಿಸಬಹುದಿತ್ತು, ಅದಕ್ಕಿಂತ ಬಿಗಿ ಬಳೆ ಎಷ್ಟೋ ಏರಿಸಿದ ಕೈ ನೂರಜಾನಬಿಯದು.

"ಇವು ಸಣ್ಣ ಕೈಗೆ ಆರಿಸಿ ತಂದಿದ್ದು. ಕೊಡ ಎತ್ತೋ ಕೈಗೆ ಆಗಂಗಿಲ್ಲ. ಅಮಾಸಿ ಆದ ಮ್ಯಾಲೆ ಸೋಮವಾರ ದೊಡ್ಡವು ತರ್ತೀನಿ," ಎಂದು ಮಲಾರ ಹೆಗಲಿಗೇರಿಸಿದಳು. "ನಾ ಬಂದಾಗ ಬಾಗಿಲಾ ಇಕಿನೇ ತೆಗೀಬೇಕು."

ಇದನ್ನೆಲ್ಲ ನನಗೆ ಹೇಳಿದಾಗ ಹಂಪವ್ವನಿಗೆ ಎಪ್ಪತ್ತು ದಾಟಿತ್ತು. ಆ ಸೋಮವಾರ ಮುಂಜಾನೆಯಿಂದ ನೀರಿಗೂ ಹೋಗದೆ ಬಾಗಿಲ ಹಿಂದೆಯೇ ಕೂತಿದ್ದಳಂತೆ. ನೀರು ತಂದವನು ಅಮರಪ್ಪ. ನಾಲ್ಕು ಕಡೆ ಕೂತು, ಎದ್ದು, ಒಂದು ಕೊಡ ತಂದ.